ಒತ್ತಿ ಬರೆಯುವ ಕೈ

ಯರಗುಪ್ಪಿ
೧೮-೮-೧೯೭೪

ಮನೆಯವರ ಪಾದಗಳಿಗೆ ರೇವವ್ವ ಮಾಡುವ ಶರಣಾರ್ಥಿಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಹೊಲದ ಕೆಲಸ ಒಂದು ನೆಪ. ನಿಜ ಹೇಳಬೇಕೆಂದರೆ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಕ್ಷಮಿಸಿರಿ. ಇದು ಎಂದಿನಂತೆ ಅತ್ತೆ ಹೇಳಿ ನಾನು ಬರೆದ ಕಾಗದವಲ್ಲ. ಅವರಿಗೆ ತಿಳಿಯದ ಹಾಗೆ ನಾನೇ ಬರೆಯುತ್ತಿದ್ದೇನೆ.

ನಿಮ್ಮ ಕಾಗದವನ್ನು ಪಡಸಾಲೆಯಲ್ಲಿ ಕೂತು ಅತ್ತೆಗೆ ಓದಿ ಹೇಳಿದೆ. ಅಳ್ನಾವರದ ಮಳೆ ಒಂದು ಸಾಲು, ನಿಮ್ಮ ಕೆಮ್ಮು ಅರ್ಧ ಸಾಲು, ಆಮೇಲೆ ಇಡೀ ಪುಟ ಹೊಸ ಪೆನ್ನಿನ ಪುರಾಣ. ಅಗ್ಗದ್ದು ಸೋರುತ್ತದೆ, ತುಟ್ಟಿಯದು ಕಳೆದರೆ ಸಂಕಟ, ನಡುವಿನದು ತಗೊಳ್ಳಿ ಎಂದು ನಿಮ್ಮ ಜೊತೆ ಸಾಲೆಯಲ್ಲಿ ಕಲಿಸುವ ಮೈಲಾರವ್ವ ಅಕ್ಕೋರು ಹೇಳಿದರಂತೆ. ಅಂಗಡಿಗೂ ಅವರೇ ಬಂದರಂತೆ. ಸಣ್ಣ ನಿಬ್ಬನ್ನೂ ಅವರೇ ಆರಿಸಿದರಂತೆ. ಆ ಹೆಸರನ್ನು ನನ್ನ ಬಾಯಿಂದ ನಾಲ್ಕು ಸಲ ಓದಿಸಿದಿರಿ. ಅತ್ತೆಯೋ, "ಶ್ಯಾಣ್ಯಾ ಹೆಣಮಗಳು ನೋಡ. ಇನ್ನೊಮ್ಮಿ ಓದ" ಎಂದರು. ಎಂಟಾಯಿತು.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಲಾರೆ.

ಮೊನ್ನೆ ಅತ್ತೆಯ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿದ್ದೆವು. ಅವರನ್ನು ದವಾಖಾನೆಯ ಬಾಕಿನ ಮೇಲೆ ಕೂಡಿಸಿ, ಹೂವು ತರುತ್ತೇನೆಂದು ಸುಳ್ಳು ಹೇಳಿ ಪೆನ್ನಿನ ಅಂಗಡಿ ಹೊಕ್ಕೆ. ನಡುವಿನ ಬೆಲೆಯದನ್ನೇ ಕೇಳಿದೆ. ಅಂಗಡಿಯ ಮುದುಕ ಐದಾರು ಪೆನ್ನು ಹರವಿ, "ಯಾರಿಗೆ ಬೇಕಾಗೇತ್ರಿ ಅಕ್ಕಾರ?" ಎಂದ.

"ನಮ್ಮ ಮನಿಯವರಿಗ್ರಿ."

"ಅವರ ಕೈ ಹೆಂಗ್ರಿ? ಒತ್ತಿ ಬರೀತಾರೇನು, ಹಗೂರ ಬರೀತಾರೇನು?"

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ನಿಮಗೆ ಬಡಿಸಿದ್ದೇನೆ, ರೊಟ್ಟಿ ಎಷ್ಟು ತೆಳ್ಳಗಿರಬೇಕೆಂದು ಬಲ್ಲೆ. ಆದರೆ ನೀವು ಬರೆಯುವುದನ್ನು ಬಾಜು ಕೂತು ನೋಡಿದವಳು ಅವಳು. ಅಂಗಡಿಯಲ್ಲೇ ಅಳು ಬಂತು.

ನಿಮ್ಮ ಕಾಗದ ಚೀಲದಲ್ಲಿತ್ತು. ತೆಗೆದುಕೊಟ್ಟೆ. ಮುದುಕ ಓದಲಿಲ್ಲ, ಹಾಳೆ ಮಗುಚಿ ಹಿಂಬದಿಗೆ ಬೆರಳಾಡಿಸಿ, "ನೀವೂ ಮುಟ್ಟಿ ನೋಡ್ರಿ" ಎಂದ. ಅಕ್ಷರಗಳು ಉಬ್ಬಿ ಕೈಗೆ ಹತ್ತುತ್ತಿದ್ದವು.

"ಅಗದಿ ಒತ್ತಿ ಬರೀತಾರ್ರಿ. ಗೆರಿ ನೋಡಿದ್ರ ನಿಬ್ಬ ಸಣ್ಣದೈತಿ. ಈ ಕೈಗೆ ಸಣ್ಣ ನಿಬ್ಬ ಯಾರ ಆರಿಸಿದ್ರು? ದೀಪಾವಳಿತನಾನೂ ಬಾಳೂದಿಲ್ಲ ಅದು. ದಪ್ಪ ನಿಬ್ಬ ಒಯ್ರಿ."

ನನಗಾದ ಸಂತೋಷ ಹೇಳತೀರದು. ಏಳು ರೂಪಾಯಿಯ ಕಪ್ಪು ಪೆನ್ನು ತಂದಿದ್ದೇನೆ. ಇದನ್ನು ಅದರಲ್ಲೇ ಬರೆದೆ. ಅಳ್ನಾವರಕ್ಕೆ ಹೊರಟಿರುವ ಶಿದ್ಲಿಂಗಪ್ಪ ಕಾಕಾನ ಕೈಯಲ್ಲಿ ಕಾಗದ, ಪೆನ್ನು ಎರಡನ್ನೂ ಕಳಿಸುತ್ತಿದ್ದೇನೆ. ಆ ಸಣ್ಣ ನಿಬ್ಬಿನದನ್ನು ಅಕ್ಕೋರಿಗೇ ಕೊಟ್ಟುಬಿಡಿ. ಹಗುರ ಕೈಯವರಿರಬೇಕು, ಬಾಳಿಕೆ ಬಂದೀತು.

ಕೆಮ್ಮಿಗೆ ಬಿಸಿನೀರು ಕುಡಿಯಿರಿ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ರೇವವ್ವ

ತಾ.ಕ.: ಕಾಗದ ಹಿರಿಯರ ಹೆಸರಿಗೇ ಬರುವುದು ರೂಢಿ, ನನ್ನ ತಕರಾರಿಲ್ಲ. ಕೊನೆಯ ಸಾಲಿನ 'ಮನೆಯವರೆಲ್ಲರ ಕ್ಷೇಮ'ದಲ್ಲಿ ನಾನೂ ಇದ್ದೇನೆ ಅಂದುಕೊಂಡು ಬಂದಿದ್ದೇನೆ. ಆದರೆ ನಿನ್ನೆ ಟ್ರಂಕಿನಲ್ಲಿದ್ದ ನಿಮ್ಮ ಕಾಗದಗಳನ್ನೆಲ್ಲ ಕೆಳಗೆ ಹರವಿ ಒಂದೊಂದಾಗಿ ನೋಡಿದೆ. ನಿಮ್ಮ ಅಕ್ಷರದಲ್ಲಿ ಅವಳ ಹೆಸರು ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ಹೆಸರು ಹೇಗಿರುತ್ತದೆಂದು ಗೊತ್ತಿಲ್ಲ.