ಹೊಲಿಗೆ ಮಷೀನಿನ ಜೋಗುಳ

ಹೌನ್ಸ್ಲೋ, ಲಂಡನ್
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ರತ್ನಾಬಾಯಿಗೆ ಗುರುದೇವಿಯ ನೆನಪುಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನೂ ನಿನ್ನ ಹೊಲಿಗೆ ಕ್ಲಾಸಿನ ಹುಡುಗಿಯರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಿನಗೆ ಪತ್ರ ಬರೆದು ಹನ್ನೊಂದು ವರ್ಷವಾಯಿತು, ತಪ್ಪು ನನ್ನದೇ. ಯುಗಾದಿಗೊಂದು, ದೀಪಾವಳಿಗೊಂದು ಹೂವಿನ ಚಿತ್ರ ಮೊಬೈಲಿನಲ್ಲಿ ಕಳಿಸಿ ಕೈ ತೊಳೆದುಕೊಳ್ಳುವ ಚಟ ನನಗೂ ಹತ್ತಿದೆ. ಫೋನ್ ಮಾಡಬಾರದಿತ್ತೇ ಅನ್ನಬೇಡ. ಫೋನಿನಲ್ಲಿ ನಾನು ಇಲ್ಲಿಯ ಹವಾ, ನಮ್ಮ ಮನೆಯವರ ಮೊಣಕಾಲು, ಮೊಮ್ಮಗಳು ಸಾನ್ವಿಯ ಶಾಲೆ ಎಂದು ಊರೆಲ್ಲ ಸುತ್ತಿ, ಹೇಳಬೇಕಾದದ್ದನ್ನೇ ಬಿಟ್ಟು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಕೆಲಸ ಒಂದೇ: ನನ್ನ ಸೊಸೆಯ ಹೊಸ ಆಲ್ಬಮ್ಮಿನಲ್ಲಿ ಒಂದು ಹಾಡಿದೆ, ಅದಕ್ಕೆ ನಿನ್ನ ಹೆಸರು ಹಾಕಬೇಕು, ನಿನ್ನ ಒಪ್ಪಿಗೆ ಬೇಕು. ಯಾವ ಹಾಡೆಂದು ನಿನಗೆ ಆಗಲೇ ಹೊಳೆದಿರಬೇಕು. ಆದರೂ ನಾನು ಮೊದಲಿನಿಂದಲೇ ಹೇಳುವವಳು.

ನನ್ನ ಮಗ ನಿತೀಶ ಇಟಲಿಯ ಹುಡುಗಿಯನ್ನು ಮದುವೆಯಾದಾಗ ನೀನು "ಆಕಿ ಏನ ಮಾಡ್ತಾಳ?" ಅಂತ ಕೇಳಿದ್ದೆ. "ಹಾಡ್ತಾಳ" ಅಂದೆ. "ಏನ ಹಾಡ್ತಾಳ?" ಅಂದದ್ದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಇದೆ.

ಸೊಸೆ ಜಿನೆವ್ರಾ ಹುಟ್ಟಿದ್ದು ಇಟಲಿಯ ದಕ್ಷಿಣದ ತುದಿಯ ಒಂದು ಸಣ್ಣ ಊರಿನಲ್ಲಿ. ಅಪ್ಪ ಬೇಕರಿಯವನು, ಹಬ್ಬ ಬಂದರೆ ಊರ ಬ್ಯಾಂಡಿನಲ್ಲಿ ಕಹಳೆ ಊದುವವನು. ಅಲ್ಲಿ ಸಂತರ ಹಬ್ಬದ ದಿನ ಬ್ಯಾಂಡಿನವರು ಚೌಕದಲ್ಲಿ ನಿಂತು ದೊಡ್ಡ ದೊಡ್ಡ ಸಂಗೀತ ನಾಟಕದ ಹಾಡುಗಳನ್ನೇ ನುಡಿಸುತ್ತಾರಂತೆ, ಮೀನು ಮಾರುವವನಿಗೂ ಅವು ಬಾಯಿಪಾಠವಂತೆ. ಅಜ್ಜಿ ತಂಬಾಕಿನ ಎಲೆ ಪೋಣಿಸುವ ಕೂಲಿಗೆ ಹೋಗುತ್ತಿದ್ದಳು, ನಮ್ಮ ನಿಪ್ಪಾಣಿ ಕಡೆಯ ಹೆಂಗಸರ ಹಾಗೆ. ಎಲೆಗೆ ಸೂಜಿ ಚುಚ್ಚುತ್ತ ಹಾಡು ಕಟ್ಟುತ್ತಿದ್ದಳು. ಬ್ಯಾಂಡನ್ನೂ ಅಜ್ಜಿಯ ಹಾಡನ್ನೂ ಕಿವಿಯಲ್ಲಿ ತುಂಬಿಕೊಂಡು ಈ ಹುಡುಗಿ ಇಪ್ಪತ್ತೆರಡನೆಯ ವರ್ಷಕ್ಕೆ ಲಂಡನ್ನಿಗೆ ಬಂದಳು. ಹಗಲು ಸ್ಟ್ರಾಟ್‌ಫರ್ಡಿನ ಒಂದು ಕೆಫೆಯಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಪಬ್ಬುಗಳಲ್ಲಿ ಹಾಡಿದಳು. ಐದು ವರ್ಷದ ಮೇಲೆ ಅಜ್ಜಿಯ ಒಂದು ತಂಬಾಕಿನ ಹಾಡಿಗೆ ಅಪ್ಪನ ಬ್ಯಾಂಡು, ಕಂಪ್ಯೂಟರಿನ ತಾಳ ಎರಡನ್ನೂ ಕೂಡಿಸಿ ರೆಕಾರ್ಡು ಮಾಡಿದಳು. ಆ ಬೇಸಿಗೆ ಪೂರ್ತಿ ಇಟಲಿಯ ರೇಡಿಯೋದಲ್ಲಿ ಅದೇ ಹಾಡು.

ಕಂಪನಿಯವರು ತಲೆ ಕೆರೆದುಕೊಂಡರಂತೆ. "ಇದು ಜಾಝೋ, ಜನಪದವೋ, ಪಾಪ್ ಸಂಗೀತವೋ? ಅಂಗಡಿಯ ಯಾವ ಕಪಾಟಿನಲ್ಲಿ ಇಡಬೇಕು?" ಎಂದು ಕೇಳಿದರೆ ಇವಳು "ಬಾಗಿಲ ಹತ್ತಿರ ಇಡಿ" ಅಂದಳಂತೆ. ಸೊಸೆಯೆಂದು ಹೊಗಳುತ್ತಿಲ್ಲ, ಈ ಗತ್ತು ನನಗೆ ಬಹಳ ಸೇರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಹಾಡು ಅಂದವರಿಗೆ ಬೆನ್ನು ತಿರುಗಿಸಿದಳು. ಎರಡನೆಯ ರೆಕಾರ್ಡು ನೆಲಕಚ್ಚಿತು. ನಾಲ್ಕು ವರ್ಷ ಇಲ್ಲೇ ಹೌನ್ಸ್ಲೋದ ಒಂದು ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿದಳು, ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಮೂರನೆಯದಕ್ಕೆ ಇಲ್ಲೇ ಪಕ್ಕದ ಸೌತಾಲಿನ ಪಂಜಾಬಿ ಡೋಲಿನವನನ್ನೂ ಸೊಮಾಲಿಯಾದ ಒಬ್ಬ ತಂತಿವಾದ್ಯದ ಮುದುಕನನ್ನೂ ಜೊತೆಗೆ ಕೂಡಿಸಿಕೊಂಡಳು. ಅದಕ್ಕೆ ಬಹುಮಾನ ಬಂತು. ಈಗ ವರ್ಷದಲ್ಲಿ ಆರು ತಿಂಗಳು ಅವಳ ಸೂಟ್‌ಕೇಸು ಬಾಗಿಲಲ್ಲೇ ಇರುತ್ತದೆ.

ಅವಳ ಬದುಕಿನಲ್ಲಿ ಒಂದೇ ಒಂದು ಮುಳ್ಳು. ಆ ಮೊದಲ ರೆಕಾರ್ಡಿನ ಮೇಲೆ, ಹಾಡು ಬರೆದವರ ಹೆಸರಿನ ಜಾಗದಲ್ಲಿ "ಸಾಂಪ್ರದಾಯಿಕ" ಎಂದು ಅಚ್ಚಾಗಿತ್ತು. ಇವಳಿಗೂ ತಪ್ಪು ಅನ್ನಿಸಿರಲಿಲ್ಲ. ಓದಲು ಬಾರದ ಅಜ್ಜಿ ಪಕ್ಕದ ಮನೆಯವರಿಂದ ಓದಿಸಿ, "ಹಾಗಾದರೆ ನಾನು ಯಾರು?" ಎಂದಳಂತೆ. ತಿದ್ದಿದ ರೆಕಾರ್ಡು ಬರುವುದರೊಳಗೆ ಅಜ್ಜಿ ತೀರಿಕೊಂಡಳು. ಅಂದಿನಿಂದ ಇವಳು ಚಪ್ಪಾಳೆ ತಟ್ಟಿದವರ ಹೆಸರನ್ನೂ ಬಿಡದೆ ಹಾಕಿಸುತ್ತಾಳೆ.

ಈಗ ನಮ್ಮ ಹಾಡಿಗೆ ಬರುತ್ತೇನೆ. ಸಾನ್ವಿ ಕೂಸಿದ್ದಾಗ ನಾನು ಹೇಳುತ್ತಿದ್ದ ತೊಟ್ಟಿಲ ಹಾಡನ್ನು ಜಿನೆವ್ರಾ ಅಡುಗೆಮನೆಯಲ್ಲೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅದನ್ನೇ ಈ ಸಲ ಆಲ್ಬಮ್ಮಿನ ನಡುಮಧ್ಯೆ ಕೂಡಿಸಿದಳು. ಕಳೆದ ಮೇ ತಿಂಗಳು ಸ್ಟ್ರಾಟ್‌ಫರ್ಡಿನ ಒಂದು ಹಾಲ್‌ನಲ್ಲಿ ಅವಳ ಕಾರ್ಯಕ್ರಮ. ನನ್ನನ್ನು ಸ್ಟೇಜಿಗೆ ಕರೆದು, ಇಳಕಲ್ ಸೀರೆಯಲ್ಲೇ ನಿಲ್ಲಿಸಿ, ಮೊದಲು ನೀವೇ ಹಾಡಿರಿ ಅಂದಳು. ಎಂಟುನೂರು ಮಂದಿ. ನಾನು ಹೆದರಲಿಲ್ಲ, ಯಾಕೆ ಹೆದರಲಿ? ನಿತೀಶನ ತೊಟ್ಟಿಲಿಗೆ ಹಾಡಿದ ಹಾಗೆಯೇ ಎತ್ತಿಕೊಂಡೆ.

ಹೊಲಿಗಿ ಮಷೀನ್ ನಿಂತೈತಿ, ದಾರ ಹರದೈತಿ
ಕುಲಾವಿ ಒಂದ ಉಳದೈತಿ, ನಿತೀಶ
ತಲಿಯೆತ್ತಿ ಅಳತಿ ಕೊಡ ಕಂದ

ಹಿಂದಿನಿಂದ ಕಹಳೆಗಳು ಮೆಲ್ಲಗೆ ಎದ್ದವು, ಡೋಲು ಸೇರಿತು, ಅವಳು ತನ್ನ ಭಾಷೆಯಲ್ಲಿ ಎತ್ತಿಕೊಂಡಳು. ಜನ ಎದ್ದು ನಿಂತರು. ಕೇಳಲು ಬಂದಿದ್ದ ಮೈಸೂರಿನ ಡಾಕ್ಟರು ತಿರುಮಲೇಶ ನನ್ನ ಕೈ ಹಿಡಿದು, "ಏನ್ ಹಳೇ ಜನಪದ ಕಣ್ರೀ, ನಮ್ಮಜ್ಜಿನೂ ಇದನ್ನೇ ಹೇಳ್ತಿದ್ರು" ಅಂದರು. ಅವರ ಅಜ್ಜಿ ಅದೆಲ್ಲಿ ಕೇಳಿದ್ದರೋ ಶಿವನೇ ಬಲ್ಲ. ನಾನು ನಕ್ಕುಬಿಟ್ಟೆ.

ಮರುವಾರ ಜಿನೆವ್ರಾ ಒಂದು ಫಾರ್ಮು ತಂದಿಟ್ಟು ಹಾಡು ಯಾರದು ಎಂದು ಕೇಳಿದಳು. "ಜನಪದ" ಅಂದುಬಿಟ್ಟೆ. ನಮ್ಮ ಕಡೆ ತೊಟ್ಟಿಲ ಹಾಡಿಗೆ ಒಡತಿ ಇರುವುದಿಲ್ಲ, ಯಾರ ತೊಟ್ಟಿಲೋ ಆ ಕೂಸಿನ ಹೆಸರು ಸೇರಿಸಿ ಹಾಡುತ್ತಾರೆ, ಅಷ್ಟೇ ಎಂದು ಪಾಠವನ್ನೂ ಹೇಳಿದೆ. ಅವಳು ಫಾರ್ಮು ಎತ್ತಿಕೊಂಡು ಹೋದಳು. ಮೂರು ದಿನ ಬಿಟ್ಟು, ನಾನು ರೊಟ್ಟಿ ಬಡಿಯುವಾಗ ಬಂದು ಎದುರಿಗೆ ಕುಳಿತಳು. ನನ್ನಿಂದಲೇ ಕಲಿತ ಕನ್ನಡ ಅವಳದು.

"ಅತ್ತಿ, ಹಾಡಿನ್ಯಾಗ ಮಷೀನ್ ಅದ. ಮಷೀನ್ ಇರೋ ಹಾಡು ಅಷ್ಟ ಹಳೇದು ಹ್ಯಾಂಗ ಆಗ್ತದ?"

"ಯಾರೋ ಆಮ್ಯಾಲೆ ಸೇರಿಸಿರಬೇಕು."

"ಯಾರು?"

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. "ಹೆಸರ ಸಿಗೋತನಕ ರೆಕಾರ್ಡ್ ಬಿಡಂಗಿಲ್ಲ" ಎಂದು ಎದ್ದುಹೋದಳು. ಹೋದವಳು ನಿಜವಾಗಿಯೂ ಕಂಪನಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದಳು. ಎರಡು ವರ್ಷದ ದುಡಿಮೆ. ನಿತೀಶ ನನ್ನ ಹತ್ತಿರ ಬಂದು, "ಅವ್ವಾ, ನಿನಗ ಗೊತ್ತದ. ಸುಮ್ನ ಹೇಳಿಬಿಡು" ಅಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮನೆಯಲ್ಲಿ ನನ್ನನ್ನೇ ಕಟಕಟೆಗೆ ನಿಲ್ಲಿಸುತ್ತಾರಲ್ಲ ಎಂದು ಇಡೀ ವಾರ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ.

ಕೊನೆಗೆ ಹೇಳಿದೆ. ಮಾಳಮಡ್ಡಿಯ ಚಾಳಿನಲ್ಲಿ ನನ್ನ ಗೋಡೆಗೆ ಗೋಡೆ ಹಚ್ಚಿದ ಖೋಲಿಯಲ್ಲಿ ರತ್ನಾಬಾಯಿ ಎಂಬವಳಿದ್ದಳು, ಬ್ಲೌಸು ಹೊಲಿಯುತ್ತಿದ್ದಳು, ಈ ಹಾಡಿನ ಒಂದೊಂದು ಅಕ್ಷರವೂ ಅವಳದು, ಗೋಡೆಯಾಚೆಯಿಂದ ಕೇಳಿ ನಾನು ಕಲಿತದ್ದು ಎಂದು. ಜಿನೆವ್ರಾ ಫಾರ್ಮಿನಲ್ಲಿ ನಿನ್ನ ಹೆಸರು ಬರೆದಳು. ಬರೆದು, "ಆಕಿ ಹೂಂ ಅನ್ನೋತನಕ ಇದು ಬರೇ ಕಾಗದ" ಅಂದಳು.

ಆದ್ದರಿಂದ ನೀನು ಹೂಂ ಅನ್ನಬೇಕು, ರತ್ನಾ. ನಾಚಿಕೆಪಡುವ ಕೆಲಸವೇನೂ ಇಲ್ಲ. ನನ್ನ ಜೀವನದಲ್ಲಿ ನಾನು ಕೇಳಿದ ಹಾಡುಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಿನ್ನ ಹೆಸರು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ ಇರುತ್ತದೆ. ಬೇಡ ಅನ್ನುವ ಹಕ್ಕೂ ನಿನಗಿದೆ. ಆಗ ಹಾಡನ್ನು ತೆಗೆದುಬಿಡುತ್ತೇವೆ, ಜಿನೆವ್ರಾ ಎರಡನೆಯ ಮಾತು ಆಡುವುದಿಲ್ಲ.

ನಿನ್ನ ತಮ್ಮನ ಮೊಮ್ಮಗುವಿಗೆ ನೂರು ವರ್ಷ ಆಯುಷ್ಯ ಸಿಗಲಿ. ನಿನ್ನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚೊಕ್ಕ ಇರಲಿ.

ನಿನ್ನ,
ಗುರುದೇವಿ

ತಾ.ಕ.: ಹೆಸರು ಬರೆದ ಮೇಲೆ ಜಿನೆವ್ರಾ ಇನ್ನೊಂದು ಪ್ರಶ್ನೆ ಕೇಳಿದಳು. ಇದು ಬರುತ್ತದೆ ಎಂದೇ ನಾನು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. "ಕುಲಾವಿ ಯಾರ ತಲಿಗಿ ಹೊಲದದ್ದು?" ಹೇಳಿದೆ. ನಿತೀಶನ ಹೆಸರಿಡುವ ದಿನ ನಿನ್ನ ಮಗಳು ಹೋಗಿ ನಾಲ್ಕೇ ತಿಂಗಳಾಗಿತ್ತು. ಅವಳ ಹೆಸರನ್ನು ತೆಗೆದು ನನ್ನ ಮಗನದನ್ನು ಹಾಕಿ ನಾನು ಹಾಡುತ್ತಿದ್ದಾಗ ನೀನು ಗುಗ್ಗರಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾನು ನೋಡಲಿಲ್ಲ ಎಂದು ನೀನು ತಿಳಿದಿರಬಹುದು. ನೋಡಿದೆ, ರತ್ನಾ. ತೊಟ್ಟಿಲ ಹಾಡು ನಡುವೆ ನಿಂತರೆ, ನಿನ್ನ ಮನೆಗೆ ಬಂದದ್ದು ನನ್ನ ಕೂಸಿಗೂ ಬಂದೀತು ಎಂದು ಹೆದರಿ ಇನ್ನೂ ಗಟ್ಟಿಯಾಗಿ ಹಾಡಿದೆ. ಹೊರಳಿ ನೋಡುವಷ್ಟರಲ್ಲಿ ಬುಟ್ಟಿ ಹೊಸ್ತಿಲ ಮೇಲಿತ್ತು, ನೀನಿರಲಿಲ್ಲ. ಈಗ ರೆಕಾರ್ಡಿನಲ್ಲಿ ಮತ್ತೆ ನಿನ್ನ ಮಗಳ ಹೆಸರೇ ಇದೆ. ಆ ಸಾಲು ನನ್ನಿಂದ ಆಗಲಿಲ್ಲ, ಜಿನೆವ್ರಾನೇ ಹಾಡಿದ್ದಾಳೆ. ಹೆಸರು ಬಾಯಿಗೆ ಸರಿಯಾಗಿ ಕೂಡಬೇಕೆಂದು ನಾಲ್ಕು ಸಲ ಕೇಳಿದಳು. ನಲವತ್ತಮೂರು ವರ್ಷ ನಾನು ಆಡದ ಹೆಸರು. ನಾಲ್ಕು ಸಲವೂ ಹೇಳಿದೆ: ಮಾಳವಿಕಾ.