ಕೊಂಡಿ ಹಾಕುವವಳ ವೀಸಾ

ಉಬ್ಬರದ ಹದಿನಾರನೇ ತಿಂಗಳು, ೨೧೯೩

ಬನಶಂಕರಿ ಅಜ್ಜಿಗೆ, ನಿಮ್ಮ ಮರಿಮಗಳ ಮಗಳು ತುಂಗಾವತಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷಕ್ಕೆ ಹನ್ನೆರಡೇ ತಿಂಗಳು ಎನ್ನುವುದನ್ನು ನಾವು ಬಿಟ್ಟು ಬಹಳ ಕಾಲವಾಯಿತು; ಈಗ ಕಡಲಿನ ಉಬ್ಬರ ನೋಡಿ ತಿಂಗಳು ಹಿಡಿಯುತ್ತೇವೆ. ನನ್ನ ಕನ್ನಡದಲ್ಲಿ ಒಗ್ಗದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವಿನ್ನೂ ಮೂವತ್ತರ ಆಸುಪಾಸಿನವರು, ನನಗೆ ಎಪ್ಪತ್ತು ಮೀರಿದೆ. ಆದರೂ ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಜನ ಅದನ್ನು ಮುರಿದ ಸಂಬಂಧಗಳನ್ನು ಸರಿಮಾಡಿಕೊಳ್ಳಲು ಬಳಸುತ್ತಾರೆ. ನಾನು ವೀಸಾ ವಿಷಯ ಬರೆಯುತ್ತೇನೆಂದಾಗ ಅಂಚೆಯವರು ನಕ್ಕರು. ನಗಲಿ ಬಿಡಿ.

ನಾಳೆ ನೀವೂ ಪರಸಪ್ಪಜ್ಜನೂ ಇಳಕಲ್ಲಿನಿಂದ ಬಾಗಲಕೋಟೆಯ ಏಜೆಂಟರ ಕಚೇರಿಗೆ ಹೋಗುತ್ತೀರಿ. ನಾನೀಗ ಕೂತಿರುವ ಈ ಹೊರದೇಶದ ಬಂದರು ಊರಿನ ನೇಯ್ಗೆ ಶಾಲೆಯವರು ಇಳಕಲ್ ಸೀರೆ ನೇಯಲು ಕರೆದಿದ್ದಾರೆ. ಏಜೆಂಟರು ಎರಡು ದಾರಿ ಹೇಳುತ್ತಾರೆ. ಅಜ್ಜನಿಗೆ ಕೆಲಸದ ವೀಸಾ, ನಿಮಗೆ ಹೆಂಡತಿಯೆಂದು ಅವಲಂಬಿತರ ವೀಸಾ. ಇದು ಬೇಗ ಸಿಗುತ್ತದೆ, ಆದರೆ ಇದರಲ್ಲಿ ನೀವು ದುಡಿಯುವಂತಿಲ್ಲ. ಇಲ್ಲವೇ ಇಬ್ಬರಿಗೂ ಕೆಲಸದ ವೀಸಾ. ಅದಕ್ಕೆ ನಿಮ್ಮ ಕಸುಬಿನ ಪುರಾವೆ ಬೇಕು, ತಿಂಗಳುಗಟ್ಟಲೆ ಕಾಯಲೂ ಬೇಕು. ನಿಮ್ಮ ಕೆಲಸ ಏನೆಂದು ಕೇಳಿದಾಗ ನೀವು ಕೊಡುವ ಉತ್ತರ ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತಿದೆ: "ನಾ ಏನ್ ನೇಯ್ತೀನ್ರೀ? ಮಗ್ಗದ ಮ್ಯಾಲ ಕೂಡಾವ್ರು ಅವ್ರು. ನಾ ಮನ್ಯಾಗ ಕೊಂಡಿ ಹಾಕ್ಕೋಂತ ಇರ್ತೀನಿ, ಅಷ್ಟ."

ನನಗೆ ಸಿಟ್ಟು ಬರುವುದು ಆ 'ಅಷ್ಟ' ಎಂಬುದಕ್ಕೆ. ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸದಿದ್ದರೆ ಅದು ಇಳಕಲ್ ಸೀರೆಯಾಗುವುದಾದರೂ ಹೇಗೆ? ನಿಮ್ಮ ಓಣಿಯಲ್ಲಿ ಮಗ್ಗದ ಮೇಲೆ ಕೂತವನು ನೇಕಾರ, ಅವನ ಹೆಂಡತಿ ಬೆನ್ನು ಬಗ್ಗಿಸಿ ಮಾಡುವುದೆಲ್ಲ ಮನೆಗೆಲಸ. ಮುಂದಿನದು ನಿಮಗೆ ನಾಳೆಯ ಮಾತು, ನಮಗೆ ನಡೆದುಹೋದದ್ದು. ಪಾಪ, ಏಜೆಂಟರಿಗೇನು ಗೊತ್ತು? ನೀವು ಹೇಳಿದ್ದನ್ನೇ ಬರೆದುಕೊಂಡು ಬೇಗ ಸಿಗುವ ವೀಸಾ ಮಾಡಿಸಿಕೊಟ್ಟರು. ಇಲ್ಲಿಗೆ ಬಂದ ಮೇಲೆ ಮೊದಲ ಸೀರೆಯ ಸೆರಗಿಗೇ ಅಜ್ಜನ ಮಗ್ಗ ನಿಂತಿತು. ನೀವು ಪರದೆ ಎಳೆದುಕೊಂಡು ಕದ್ದುಮುಚ್ಚಿ ಕೊಂಡಿ ಹಾಕಿದಿರಿ. ತಪಾಸಣೆಗೆ ಬಂದವರು ಕಂಡರು, ಇಬ್ಬರನ್ನೂ ವಾಪಸು ಕಳಿಸಿದರು. ಇಳಕಲ್ಲಿಗೆ ಹೋದ ಮೇಲೆ ನೀವು ಮತ್ತೆ ಎಳೆ ಮುಟ್ಟಲಿಲ್ಲವಂತೆ.

ಈಗ ಇಲ್ಲಿ ಹಾಗಿಲ್ಲ. ನಮ್ಮ ಮಕ್ಕಳು 'ವೀಸಾ' ಎಂಬ ಪದವನ್ನು ಪಾಠದಲ್ಲಷ್ಟೇ ಓದುತ್ತಾರೆ. ನಮಗಿರುವುದು ಕೈಗುರುತು. ಬೇರೆ ಊರಿಗೆ ದುಡಿಯಲು ಹೋದವರು ಅಲ್ಲಿನ ಕೂಡುಕಟ್ಟೆಯ ಮೇಲೆ, ಊರವರ ಎದುರು, ತಮ್ಮ ಕೆಲಸ ಮಾಡಿ ತೋರಿಸುತ್ತಾರೆ. ಆ ಕೆಲಸಕ್ಕೆ ಎಷ್ಟು ಜನರ ಕೈ ಬೇಕೋ ಅಷ್ಟೂ ಜನರ ಹೆಸರು ಕೂಗಬೇಕು. ಒಂದು ಬಿಟ್ಟರೂ ಯಾರಿಗೂ ಕೈಗುರುತು ಇಲ್ಲ. ಆಮೇಲೆ ಎಲ್ಲರಿಗೂ ಉಪ್ಪುಜೋಳದ, ಅಂದರೆ ಕಡಲ ನೀರಿನಲ್ಲಿ ಬೆಳೆದ ಜೋಳದ ರೊಟ್ಟಿ ಊಟ. ರೊಟ್ಟಿ ಬಡಿದವರ ಹೆಸರನ್ನೂ ಕೂಗುತ್ತಾರೆ, ನೋಡಿ. ಮೊನ್ನೆ ನಮ್ಮ ಮಗ್ಗದ ಮನೆಯ ಹುಡುಗಿಯರು ಕೊಂಡಿ ಹಾಕಿ ತೋರಿಸಿದಾಗ ಜನ ಎದ್ದು ನಿಂತರು. ನನಗೆ ಕಣ್ಣು ತುಂಬಿ ಬಂತು.

ಆದ್ದರಿಂದ ನಾಳೆ ಅವಲಂಬಿತರ ವೀಸಾದ ಅರ್ಜಿಗೆ ಸಹಿ ಹಾಕಬೇಡಿ. ನಿಮ್ಮ ನೇಕಾರರ ಸಂಘದವರ ಎದುರು ಕೂತು ಒಂದು ಸೀರೆಗೆ ಕೊಂಡಿ ಹಾಕಿ ತೋರಿಸಿ, ಕಸುಬಿನ ಪುರಾವೆಗೆ ಅವರಿಂದ ಪತ್ರ ಕೇಳಿ ಪಡೆಯಿರಿ. ಅಜ್ಜ ಗೊಣಗಿದರೆ ಗೊಣಗಲಿ. ಏಜೆಂಟರು ಕೇಳಿದರೆ ಗಟ್ಟಿಯಾಗಿ ನೇಕಾರಳು ಎನ್ನಿ.

ಒಂದು ಮಾತು ಮುಚ್ಚಿಡಲಾರೆ. ನಮ್ಮ ಮನೆತನ ಬೆಳೆದದ್ದು ನೀವು ವಾಪಸಾದ ಮೇಲೆ ಹುಟ್ಟಿದ ಮಗಳಿಂದ; ನಮ್ಮವರು ಮತ್ತೆ ಈ ಊರಿಗೆ ಬಂದು ನೆಲೆಸಿದ್ದು ಎಷ್ಟೋ ಕಾಲದ ಮೇಲೆ. ನೀವು ಇಲ್ಲೇ ಉಳಿದರೆ ಆಕೆ ಹುಟ್ಟುತ್ತಾಳೋ ಇಲ್ಲವೋ. ಆಕೆಯಿಲ್ಲದಿದ್ದರೆ ನಾನೂ ಇಲ್ಲ. ಇದನ್ನು ಯೋಚಿಸಿ ಹೆದರಿದೆ, ಬರೆದದ್ದನ್ನು ಹರಿದುಹಾಕಿದೆ, ಮತ್ತೆ ಬರೆಯಲು ಕೂತೆ. ನನ್ನ ಬದಲು ಇಲ್ಲಿ ಇನ್ನೊಬ್ಬಳು ಹುಟ್ಟಿಯೇ ಹುಟ್ಟುತ್ತಾಳೆ. ಹೆಮ್ಮೆಯಿಂದ ಹೇಳಿಕೊಳ್ಳಲು ಅವಳಿಗೊಬ್ಬ ನೇಕಾರ ಅಜ್ಜಿ ಇರುತ್ತಾಳೆ.

ಹೋಗಿ ಬರುತ್ತೇನೆ, ಅಜ್ಜಿ.