ಎದುರು ಜಗುಲಿ

ಟಾಲಿವರ್ ಬೀದಿ, ಜಾರ್ಜಿಯಾ
ಮೇ 14, 1994

ನನ್ನ ಓಜೆಲಾಗೆ,

ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತಿದ್ದೇನೆ, ಬೇಕಾದಷ್ಟು ಬೈದುಕೋ. ಡೆಟ್ರಾಯಿಟ್‌ನ ಚಳಿಗಾಲಕ್ಕೆ ಮಂಡಿನೋವು ಹೆಚ್ಚಾಯಿತೇ? ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಕೇಳು: ನಮ್ಮ ಮನೆ ಉಳಿಯಿತು ಕಣೇ.

ಹೊಸ ಅಪಾರ್ಟ್‌ಮೆಂಟುಗಳಿಗಾಗಿ ನಮ್ಮ ಡಾಬ್ನಿ ಬೀದಿಯನ್ನು ಕೆಡವುತ್ತಾರೆಂದು ನಿನಗೆ ಗೊತ್ತೇ ಇತ್ತಲ್ಲ. ಊರಿನ ಮೊದಲ ಕಪ್ಪು ಡಾಕ್ಟರು ಬಾಳಿದ ಮನೆ, ಇದು ಸ್ಮಾರಕ ಎಂದು ನಗರಸಭೆಯವರು ಒಪ್ಪಿ, ನಮ್ಮ ತಾತನ ಮನೆಯನ್ನು ಇಡಿಯಾಗಿ ಈ ಬೀದಿಗೆ ಸಾಗಿಸಿದರು.

ಹೋದ ಶನಿವಾರ ಬೆಳಿಗ್ಗೆ ಮನೆಯನ್ನು ಎತ್ತಿ ಗಾಲಿಗಳ ಮೇಲೆ ಕೂರಿಸಿದರು. ನಾನು ಜಗುಲಿಯ ಉಯ್ಯಾಲೆ ಬಿಟ್ಟು ಏಳಲಿಲ್ಲ. ತಮ್ಮ ಲೂಷಿಯಸ್ ಕೆಳಗಿನಿಂದ ಕೂಗಿದ, "ಅಕ್ಕಾ, ಇಳಿಯೇ. ಬಿದ್ದು ಸೊಂಟ ಮುರ್ಕೊಂಡ್ರೆ ಜೋಳದ ಗ್ರಿಟ್ಸ್ ಗಂಜಿ ಕಾಯಿಸಿ ತಿನ್ನಿಸೋನು ನಾನಲ್ಲ."

"ನಡಿಗೆ ಕಲ್ತಾಗಿಂದ ಇಲ್ಲೇ ಕೂತಿದೀನಿ. ಮನೆ ಹೊರಟ್ರೆ ನಾನ್ಯಾಕೋ ಇಳೀಲಿ?" ಎಂದೆ.

ಮೇಸ್ತ್ರಿ ಹಣೆ ಚಚ್ಚಿಕೊಂಡ. ಆಮೇಲೆ, "ಗಟ್ಟಿಯಾಗಿ ಹಿಡ್ಕೊಳಮ್ಮಾ" ಎಂದ.

ನಿಜ ಹೇಳಲೇ? ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಮನೆ ಆಮೆಯ ಹಾಗೆ ಹೊರಟಿತು. ಚರ್ಚಿನವರೆಲ್ಲ ಕರಿದ ಕೋಳಿ, ಗೆಣಸಿನ ಪೈ ಹಿಡಿದು ಹಾಡುತ್ತಾ ಹಿಂದೆ ಬಂದರು. ಹಾಡಿನ ಮುಂದಾಳು ಪರ್ಸಿ, "ವರ್ನೆಲ್, ಮನೆಗೂ ಒಂದು ಹೊಸ ಹ್ಯಾಟ್ ಹಾಕಿಸ್ಬಾರ್ದಿತ್ತಾ, ಈಸ್ಟರ್ ಹಬ್ಬದ ಹ್ಯಾಟ್ ಮೆರವಣಿಗೇನೇ ಆಗ್ತಿತ್ತು" ಎಂದ. ನಾನು ರಾಣಿಯ ಹಾಗೆ ಕೈಬೀಸಿದೆ. ಮುದುಕಿಯಾದರೂ ಜಂಬ ಹೋಗಿಲ್ಲ ನೋಡು.

ಇಲ್ಲಿ ಜಗುಲಿಗೆ ಒಳ್ಳೆಯ ಗಾಳಿ. ತಾತನ ಹೆಸರಿನ ಫಲಕ ಹಾಕಿದ್ದಾರೆ. ಲೂಷಿಯಸ್ ಅದನ್ನು ದಿನಾ ಒರೆಸುತ್ತಾನೆ, ಪಾತ್ರೆ ಮಾತ್ರ ಒರೆಸುವುದಿಲ್ಲ.

ದೇವರು ನಿನ್ನನ್ನು ಕಾಯಲಿ, ಮಂಡಿಗಳಿಗೂ ಬಲ ಕೊಡಲಿ.

ನಿನ್ನ
ವರ್ನೆಲ್

ತಾ.ಕ.: ನೀನು ಕೇಳಿದ್ದಕ್ಕೆ ಉತ್ತರ: ನಿಮ್ಮಮ್ಮನ ಮನೆ ಇಲ್ಲ ಓಜೆಲಾ. ಸೋಮವಾರ ಕೆಡವಿದರು. ಡಾಕ್ಟರ ಮನೆ ಸ್ಮಾರಕವಂತೆ, ಸೂಲಗಿತ್ತಿಯ ಮನೆ ಅಲ್ಲವಂತೆ. "ಬೀದಿ ಮಕ್ಕಳೆಲ್ಲ ಹುಟ್ಟಿದ್ದು ಆ ಮನೇಲಿ. ಡಾಕ್ಟರೇ ಸೊಸೇನ ಅಲ್ಲಿಗೆ ಕಳಿಸಿದ್ರು, ನಾನು ಹುಟ್ಟಿದ್ದೂ ಅಲ್ಲೇ" ಎಂದು ನಗರಸಭೆ ಕಚೇರಿಯಲ್ಲಿ ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಮ್ಮಮ್ಮ ತೀರಿಕೊಂಡ ಮೇಲೂ, ನೀನು ಊರು ಬಿಟ್ಟ ಮೇಲೂ, ಸಂಜೆ ಎದುರಿನ ನಿಮ್ಮ ಖಾಲಿ ಜಗುಲಿಯ ಕಡೆಗೆ "ಊಟ ಆಯ್ತೇನೇ?" ಎಂದು ಕೂಗುವುದನ್ನು ನಾನು ಬಿಟ್ಟಿರಲಿಲ್ಲ. ನಿನ್ನೆಯೂ ಕೂಗಿದೆ. ಈ ಬೀದಿಯ ಎದುರುಮನೆಯ ಹೆಂಗಸು ಹೊರಗೆ ಬಂದು, "ಯಾರನ್ನ ಕರೀತಿದೀರಿ?" ಎಂದು ಕೇಳಿದಳು.